ಶುದ್ಧಿ ಮಾಡಿದ ನಗರದ ಕೊಳಚೆ ನೀರು: ಅದರಲ್ಲಿ ಉಳಿಯುವ ಸೂಕ್ಷ್ಮ ರಾಸಾಯನಿಕ ದ್ರವ್ಯಗಳ ಅಳತೆ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲ. ಪೂರ್ವಿಕರು ಕಟ್ಟಿಸಿದ ಕೆರೆಗಳೇ ಆ ಸೀಮೆಯ ವ್ಯವಸಾಯಕ್ಕೆ ಆಧಾರವಾಗಿದ್ದುವು. ಮಳೆಯ ಅಭಾವದಿಂದಲೂ ಅಂತರ್ಜಲವನ್ನು ಮಿತಿಮೀರಿ ಎತ್ತಿದುದರಿಂದಲೂ ಕೆರೆಗಳು ಬತ್ತಿ, ಕೊಳವೆ ಬಾವಿಗಳು ಅನೇಕ ಕಡೆಗಳಲ್ಲಿ ಸಾವಿರ ಅಡಿಗಳಿಗಿಂತಲೂ ಆಳಕ್ಕೆ ಇಳಿದುವು. ಹೀಗಿರಲು, ಬೆಂಗಳೂರು ನಗರದ ಕೊಳಚೆ ನೀರನ್ನು ಶುದ್ಧಿ ಮಾಡಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಯಂತ್ರಗಳ ಮೂಲಕ ಎತ್ತಿ, ಕೋಲಾರದ ಕೆರೆಗಳನ್ನು ತುಂಬಿಸುವ ಏರ್ಪಾಟು ನಡೆಯಿತು. ೨೦೧೮ನೆಯ ಜೂನ್ ತಿಂಗಳಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು ಸೇರಿತು. ಈ ಯೋಜನೆಯ ಅಂದಾಜು ದಿನವೊಂದಕ್ಕೆ ೪೪ ಕೋಟಿ ಲೀಟರು. ಇದೇ ಮಾದರಿಯಲ್ಲಿ ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ ದಿನಕ್ಕೆ ೨೧ ಕೋಟಿ ಲೀಟರು ನೀರನ್ನು ಒಯ್ಯುವ ಇನ್ನೊಂದು ಯೋಜನೆಯೂ ನಡೆಯಿತು. ಕೆರೆಗಳ ಮೂಲಕ ಅಂತರ್ಜಲವನ್ನು ಹೆಚ್ಚಿಸುವುದೇ ಇವುಗಳ ಮುಖ್ಯೋದ್ದೇಶ.

ಬತ್ತಿದ ಕೆರೆಯಲ್ಲಿ ನೀರು ಕಾಣುವುದು ಗ್ರಾಮಕ್ಕೆ ಸಂತೋಷದ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ೨೦೧೮ನೆಯ ಜುಲೈ ತಿಂಗಳಲ್ಲಿ ಆ ನೀರಿನ ಮೇಲೆ ನೊರೆ ಕಾಣಿಸಿಕೊಂಡಿತು. ವಿವಾದವು ಉಚ್ಚ ನ್ಯಾಯಾಲಯಕ್ಕೂ ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಹರಿವು ನಿಂತು, ಪುನಃ ಪ್ರಾರಂಭವಾಯಿತು. ನೊರೆಯು ಕಣ್ಣಿಗೆ ಕಾಣುವ ದೋಷವಾದುದರಿಂದ ಅದರ ಮೇಲೆ ಚರ್ಚೆ ನಡೆಯಿತು. ಕಣ್ಣಿಗೂ ಮೂಗಿಗೂ ನಾಲಿಗೆಗೂ ಸಾಮಾನ್ಯ ಪರೀಕ್ಷೆಗೂ ಗೋಚರವಾಗದೆ ಉಳಿಯುವ ದ್ರವ್ಯಗಳು ಬೇರೆ ಇವೆ. ಅವುಗಳ ಸ್ವರೂಪವೇನು, ಅವುಗಳನ್ನು ಅಳೆಯುವುದು ಹೇಗೆ, ಅಳತೆಯ ಅಂಕೆಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಹೇಗೆ ಓದಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ದ್ರವ್ಯಗಳು ಯಾವುವು

ನಗರದಲ್ಲಿ ಲಕ್ಷಾಂತರ ಜನರು ದಿನನಿತ್ಯವೂ ಔಷಧಗಳನ್ನು ಸೇವಿಸುತ್ತಾರೆ. ಸೇವಿಸಿದ ಔಷಧವೆಲ್ಲವೂ ದೇಹದಲ್ಲಿ ಲಯವಾಗುವುದಿಲ್ಲ. ಒಂದು ಭಾಗವು ಇದ್ದ ರೂಪದಲ್ಲಿಯೇ ಅಥವಾ ಅಲ್ಪಸ್ವಲ್ಪ ಬದಲಾದ ರೂಪದಲ್ಲಿ ಮಲಮೂತ್ರಗಳೊಡನೆ ಹೊರಬೀಳುವುದು. ಇದಲ್ಲದೆ ಸಾಬೂನು, ಹಲ್ಲುಪುಡಿ, ಸುಗಂಧ ದ್ರವ್ಯ, ಕ್ರಿಮಿನಾಶಕ, ಕೃತಕ ಸಿಹಿ, ನೀರೂ ಎಣ್ಣೆಯೂ ಅಂಟದಂತೆ ಬಟ್ಟೆಗಳಿಗೂ ಪಾತ್ರೆಗಳಿಗೂ ಹಚ್ಚುವ ಫ್ಲೋರಿನ್ ಸಂಯುಕ್ತಗಳು, ಇವೆಲ್ಲವೂ ಚರಂಡಿಯನ್ನು ಸೇರುವುವು. ಈ ದ್ರವ್ಯಗಳಲ್ಲಿ ಹಲವು ದಶಕಗಳಿಂದ ಬಳಕೆಯಲ್ಲಿದ್ದರೂ, ನೀರಿನಲ್ಲಿ ಅವುಗಳನ್ನು ಕಾಣಬಲ್ಲ ಯಂತ್ರಗಳು ಈಚೆಗೆ ಬಂದುದರಿಂದ ಇವುಗಳಿಗೆ ‘ಹೊಸದಾಗಿ ತೋರಿಬರುತ್ತಿರುವ ಮಾಲಿನ್ಯಗಳು’ ಎಂದು ಹೆಸರಾಗಿದೆ. ಹೊಸದಾದುದು ದ್ರವ್ಯವಲ್ಲ, ಅದನ್ನು ಕಾಣುವ ಶಕ್ತಿ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

೧೯೭೭ರಲ್ಲಿಯೇ ಅಮೆರಿಕದ ಕ್ಯಾನ್ಸಸ್ ಸಿಟಿಯ ಶುದ್ಧಿ ಮಾಡಿದ ಕೊಳಚೆ ನೀರಿನಲ್ಲಿ, ರಕ್ತದ ಕೊಬ್ಬನ್ನು ತಗ್ಗಿಸುವ ಔಷಧದಿಂದ ಹುಟ್ಟುವ ಕ್ಲೋಫಿಬ್ರಿಕ್ ಆಮ್ಲವಿದ್ದುದು ವರದಿಯಾಯಿತು. ೧೯೯೦ರ ದಶಕದ ಪೂರ್ವಾರ್ಧದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ರಸಾಯನ ಶಾಸ್ತ್ರಜ್ಞರು ಅಂತರ್ಜಲದಲ್ಲಿ ಕಳೆನಾಶಕಗಳನ್ನು ಹುಡುಕುತ್ತಿದ್ದಾಗ, ಅದೇ ಔಷಧದ ಶೇಷವು ಅವರಿಗೆ ಅನಿರೀಕ್ಷಿತವಾಗಿ ಸಿಕ್ಕಿತು. ನಗರದ ಕೊಳಚೆಯನ್ನು ಬಹುಕಾಲ ಹೊಲಗಳಿಗೆ ಹಾಯಿಸಿದ್ದ ಪ್ರದೇಶದ ಕೆಳಗಿನ ನೀರಿನಲ್ಲಿಯೂ ಅದು ಇದ್ದಿತು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ೧೯೯೯ ಮತ್ತು ೨೦೦೦ದಲ್ಲಿ ೩೦ ಸಂಸ್ಥಾನಗಳ ೧೩೯ ಹೊಳೆಗಳಿಂದ ನೀರನ್ನು ತೆಗೆದು ೯೫ ದ್ರವ್ಯಗಳಿಗಾಗಿ ಪರೀಕ್ಷಿಸಿದರು. ಮಾಲಿನ್ಯದ ಸಂಭವವುಳ್ಳ ಸ್ಥಳಗಳನ್ನೇ ಅವರು ಹೆಚ್ಚಾಗಿ ಆರಿಸಿದ್ದರು. ನೂರಕ್ಕೆ ಎಂಬತ್ತು ಹೊಳೆಗಳಲ್ಲಿ ಒಂದಲ್ಲ ಒಂದು ದ್ರವ್ಯ ಕಂಡುಬಂದಿತು.

ಪ್ರಮಾಣವು ಎಷ್ಟು ಸೂಕ್ಷ್ಮವಾದುದು

ಇವುಗಳನ್ನು ಅಳೆಯುವ ಮಾನವೆಂದರೆ ನ್ಯಾನೊಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಈ ಹೆಸರು. ಸುಮಾರು ೨೫೦ ಎಕರೆ ವಿಸ್ತೀರ್ಣವುಳ್ಳ, ಸರಾಸರಿ ಒಂದು ಮೀಟರು ಆಳವಾಗಿ ತುಂಬಿದ ಕೆರೆಯಲ್ಲಿ ನೂರು ಕೋಟಿ ಲೀಟರು ನೀರಿರುವುದು. ಅಂಥ ಕೆರೆಯಲ್ಲಿ ಒಂದೇ ಒಂದು ಗ್ರಾಂ ಔಷಧವನ್ನು ಕರಗಿಸಿದರೆ ಲೀಟರಿಗೆ ಒಂದು ನ್ಯಾನೊಗ್ರಾಂ ಆಗುವುದು. ಶುದ್ಧಿ ಮಾಡಿದ ನಗರದ ನೀರಿನಲ್ಲಿ ಒಂದೊಂದು ಔಷಧವೂ ಸಾಮಾನ್ಯವಾಗಿ ಲೀಟರಿಗೆ ಕೆಲವು ನ್ಯಾನೊಗ್ರಾಂಗಳಿಂದ ಕೆಲವು ಸಾವಿರ ನ್ಯಾನೊಗ್ರಾಂಗಳವರೆಗೆ ಇರುವುದು.

ಇಷ್ಟು ಅಲ್ಪವಾದುದನ್ನು ಅಲಕ್ಷಿಸಬಹುದೆಂದು ತೋರಬಹುದು. ಆದರೆ ನೀರಿನ ಮೊತ್ತವು ಅಪಾರವಾದುದು. ಉದಾಹರಣೆಗಾಗಿ, ಒಂದು ಔಷಧವು ಲೀಟರಿಗೆ ೫೦೦ ನ್ಯಾನೊಗ್ರಾಂ ಇದೆಯೆಂದು ಊಹಿಸಿಕೊಳ್ಳೋಣ. ದಿನಕ್ಕೆ ೪೪ ಕೋಟಿ ಲೀಟರು ಹರಿದರೆ ಆ ಒಂದು ಔಷಧವೇ ದಿನಕ್ಕೆ ೨೨೦ ಗ್ರಾಂ, ವರ್ಷಕ್ಕೆ ಸುಮಾರು ೮೦ ಕಿಲೋಗ್ರಾಂ ಕೆರೆಗಳನ್ನು ಸೇರಿದಂತಾಗುವುದು. ಕೆರೆಗೆ ಬಂದ ನೀರು ಆವಿಯಾಗಿ ಹೋದರೂ ಈ ದ್ರವ್ಯಗಳಲ್ಲಿ ಹೆಚ್ಚಿನವು ಆವಿಯಾಗುವುದಿಲ್ಲ. ಬಿಸಿಲಿಗೆ ನಶಿಸುವುವು ನಶಿಸಿ, ಮಿಕ್ಕುವು ಉಳಿದ ನೀರಿನಲ್ಲಿಯೂ ಹೂಳಿನಲ್ಲಿಯೂ ಇರುವುವು.

ಸಾಮಾನ್ಯ ಪರೀಕ್ಷೆಗಳು ತೋರಿಸುವುದೇನು

ಶುದ್ಧೀಕರಣ ಸ್ಥಾವರದಿಂದ ಹೊರಬೀಳುವ ನೀರಿಗೆ ಕೇಂದ್ರ ಪರಿಸರ ಮಂತ್ರಾಲಯವು ೨೦೧೭ನೆಯ ಅಕ್ಟೋಬರಿನಲ್ಲಿ ಹೊರಡಿಸಿದ ನಿಯಮದಲ್ಲಿ ನಾಲ್ಕು ಬಾಬುಗಳಿದ್ದುವು: ನೀರಿನ ಆಮ್ಲ–ಕ್ಷಾರ ಗುಣ, ಜೈವಿಕ ಆಮ್ಲಜನಕದ ಬೇಡಿಕೆ, ತೇಲುವ ಘನ ಪದಾರ್ಥ, ಮಲಜನ್ಯ ಸೂಕ್ಷ್ಮಾಣುಗಳ ಸಂಖ್ಯೆ. ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇವುಗಳನ್ನು ಬಿಗಿಗೊಳಿಸಿ, ಆಮ್ಲಜನಕದ ಬೇಡಿಕೆಯು ಲೀಟರಿಗೆ ೧೦ ಮಿಲಿಗ್ರಾಂ ಮೀರಬಾರದೆಂದು ಆಜ್ಞಾಪಿಸಿತು. ಈ ಬಾಬುಗಳಲ್ಲಿ ಔಷಧಗಳ ಹೆಸರಿಲ್ಲ.

ಆಮ್ಲಜನಕದ ಬೇಡಿಕೆಯೆಂದರೆ, ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಸೂಕ್ಷ್ಮಾಣುಗಳು ತಿಂದು ಮುಗಿಸುವಾಗ ಎಷ್ಟು ಆಮ್ಲಜನಕವನ್ನು ಉಸಿರಾಡುವುವೆಂಬ ಲೆಕ್ಕ. ಒಂದು ಶತಮಾನಕ್ಕಿಂತಲೂ ಹಳೆಯದಾದ ಈ ಪರೀಕ್ಷೆಯು ಬಹಳ ಉಪಯುಕ್ತವಾದುದು. ಕೆರೆಯ ಮೀನು ಉಸಿರುಗಟ್ಟಿ ಸಾಯುವುದೇ, ನೀರು ನಾರುವುದೇ ಎಂಬುದನ್ನು ಇದು ತಿಳಿಸುವುದು. ಆದರೆ ೧೦ ಮಿಲಿಗ್ರಾಂ ಎಂದರೆ ಒಂದು ಕೋಟಿ ನ್ಯಾನೊಗ್ರಾಂ. ಆ ರಾಶಿಯಲ್ಲಿ ೫೦೦ ನ್ಯಾನೊಗ್ರಾಂ ಔಷಧವು ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಅದೂ ಅಲ್ಲದೆ, ಸೂಕ್ಷ್ಮಾಣುಗಳು ತಿನ್ನಲೊಲ್ಲದ ದ್ರವ್ಯಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆದಕಾರಣ ಆಮ್ಲಜನಕದ ಬೇಡಿಕೆಯಲ್ಲಿ ಉತ್ತೀರ್ಣವಾದ ನೀರು ಕೊಳೆಯುವ ಕಶ್ಮಲದಿಂದ ಮುಕ್ತವಾಯಿತೆಂದು ಹೇಳಬಹುದೇ ಹೊರತು, ಔಷಧಗಳಿಂದ ಮುಕ್ತವಾಯಿತೆಂದು ಹೇಳಲಾಗದು. ರಾಗಿಯನ್ನು ತೂಗುವ ತಕ್ಕಡಿಯು ಸುಳ್ಳು ಹೇಳುವುದಿಲ್ಲ, ಆದರೆ ಅದರಲ್ಲಿ ಗುಲಗಂಜಿ ತೂಕದ ಚಿನ್ನವನ್ನು ತೂಗಲಾಗದು.

ಶುದ್ಧೀಕರಣದಲ್ಲಿ ಯಾವುದು ಹೋಗುವುದು, ಯಾವುದು ಉಳಿಯುವುದು

ಬಹುಪಾಲು ಸ್ಥಾವರಗಳಲ್ಲಿ ಕೊಳಚೆಗೆ ಗಾಳಿಯನ್ನು ಊದಿ, ಸೂಕ್ಷ್ಮಾಣುಗಳನ್ನು ಬೆಳೆಸಿ, ಅವುಗಳಿಂದ ಕಶ್ಮಲವನ್ನು ತಿನ್ನಿಸುತ್ತಾರೆ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್, ಕಾಫಿಯ ಸತ್ತ್ವವಾದ ಕೆಫೀನ್ ಮೊದಲಾದುವನ್ನು ಸೂಕ್ಷ್ಮಾಣುಗಳು ಸುಲಭವಾಗಿ ತಿನ್ನುವುವು. ಚೆನ್ನಾಗಿ ನಡೆಯುವ ಸ್ಥಾವರದಲ್ಲಿ ಇವು ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಾಗಿ ಕಳೆದುಹೋಗುವುವು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಎಂಬ ಔಷಧವಾದರೋ ಬಹುಮಟ್ಟಿಗೆ ಬಂದಂತೆಯೇ ಹೊರಗೆ ಹೋಗುವುದು. ನೋವಿಗೆ ಕೊಡುವ ಡೈಕ್ಲೋಫೆನಾಕ್ ಅಲ್ಪಭಾಗ ಮಾತ್ರ ಕಳೆಯುವುದು. ಸಿಪ್ರೋಫ್ಲಾಕ್ಸಸಿನ್ ಎಂಬ ರೋಗಾಣುನಾಶಕವೂ, ಸಾಬೂನುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೊಸಾನ್ ಎಂಬ ದ್ರವ್ಯವೂ ನೀರಿಗಿಂತ ಹೆಚ್ಚಾಗಿ ಕೆಸರಿಗೆ ಅಂಟಿಕೊಳ್ಳುವುವು. ನೀರಿನಿಂದ ಅವು ಹೋದುವೆಂದರೆ ನಾಶವಾದುವೆಂದು ಅರ್ಥವಲ್ಲ, ಕೆಸರಿನಲ್ಲಿ ಕುಳಿತಿರಬಹುದು. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ರೈತರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಈ ದ್ರವ್ಯಗಳಿಂದ ಆಗಬಹುದಾದ ಹಾನಿ

ಅಲ್ಪಪ್ರಮಾಣವೂ ಕೆಲಸ ಮಾಡಬಲ್ಲದೆಂಬುದಕ್ಕೆ ಕೆನಡಾ ದೇಶದ ಪ್ರಯೋಗವೊಂದು ಪ್ರಮಾಣವಾಗಿದೆ. ಅಲ್ಲಿ ಪ್ರಯೋಗಕ್ಕೆಂದೇ ಮೀಸಲಾದ ಒಂದು ಸರೋವರಕ್ಕೆ ೨೦೦೧ರಿಂದ ೨೦೦೩ರವರೆಗೆ ಬೇಸಗೆಯಲ್ಲಿ, ಗರ್ಭನಿರೋಧಕ ಗುಳಿಗೆಗಳಲ್ಲಿರುವ ಕೃತಕ ಸ್ತ್ರೀ ಹಾರ್ಮೋನನ್ನು ಲೀಟರಿಗೆ ಸುಮಾರು ೫–೬ ನ್ಯಾನೊಗ್ರಾಂ ಇರುವಂತೆ ಬೆರೆಸಿದರು. ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣಗಳು ತೋರಿ, ಒಂದು ಜಾತಿಯ ಸಣ್ಣ ಮೀನು ಆ ಸರೋವರದಲ್ಲಿ ನಿರ್ಮೂಲವಾಗುವ ಸ್ಥಿತಿಗೆ ಬಂದಿತು. ಈ ಫಲಿತಾಂಶವು ೨೦೦೭ರಲ್ಲಿ ಪ್ರಕಟವಾಯಿತು.

ಬೆಳೆಗಳ ವಿಷಯದಲ್ಲಿ ಇಸ್ರೇಲ್ ದೇಶದ ಅನುಭವವು ಉಪಯುಕ್ತವಾದುದು. ಆ ದೇಶದವರು ತಮ್ಮ ಕೊಳಚೆ ನೀರಿನ ಬಹುಭಾಗವನ್ನು ಶುದ್ಧಿ ಮಾಡಿ ವ್ಯವಸಾಯಕ್ಕೆ ಬಳಸುತ್ತಾರೆ. ೨೦೧೬ರಲ್ಲಿ ಪ್ರಕಟವಾದ ಅಲ್ಲಿಯ ಒಂದು ಪರೀಕ್ಷೆಯಲ್ಲಿ ೩೪ ಮಂದಿ ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ವಾರ ಶುದ್ಧಿ ಮಾಡಿದ ಕೊಳಚೆ ನೀರಿನಿಂದ ಬೆಳೆದ ಕಾಯಿಪಲ್ಯವನ್ನೂ, ಇನ್ನೊಂದಕ್ಕೆ ಸಿಹಿನೀರಿನಿಂದ ಬೆಳೆದುದನ್ನೂ ಕೊಟ್ಟು, ಮರುವಾರ ಅದಲುಬದಲು ಮಾಡಿದರು. ಮೊದಲನೆಯ ಬಗೆಯ ಕಾಯಿಪಲ್ಯವನ್ನು ತಿಂದವರ ಮೂತ್ರದಲ್ಲಿ ಕಾರ್ಬಮಜೆಪೀನ್ ಹೆಚ್ಚಾಯಿತು. ಆ ಪ್ರಮಾಣವು ಔಷಧ ಸೇವಿಸುವ ರೋಗಿಗಳಲ್ಲಿ ಕಾಣುವುದಕ್ಕಿಂತ ಅತ್ಯಲ್ಪ. ಇದರಿಂದ ರೋಗ ಬಂದಿತೆಂದು ಆ ಪರೀಕ್ಷೆಯು ಹೇಳಲಿಲ್ಲ. ನೀರಿನಿಂದ ಗಿಡಕ್ಕೂ ಗಿಡದಿಂದ ಮನುಷ್ಯನಿಗೂ ದಾರಿಯಿದೆಯೆಂಬುದನ್ನು ಅದು ತೋರಿಸಿತು. ಗಿಡದೊಳಕ್ಕೆ ಈ ಔಷಧವು ನೀರಿನೊಡನೆ ಏರಿ, ನೀರು ಎಲೆಯಿಂದ ಆವಿಯಾಗಿ ಹೋಗುವಾಗ ಎಲೆಯಲ್ಲಿಯೇ ನಿಲ್ಲುವುದು. ಆದುದರಿಂದ ಗೆಡ್ಡೆಗಿಂತ ಎಲೆಯಲ್ಲಿ ಅದರ ಅಂಶ ಹೆಚ್ಚು.

ರೋಗಾಣುನಾಶಕ ಔಷಧಗಳ ವಿಚಾರವು ಬೇರೆಯಾದುದು. ಅವು ನೀರಿನಲ್ಲಿ ಸದಾ ಇದ್ದರೆ, ಅವುಗಳಿಗೆ ಬಗ್ಗದ ರೋಗಾಣುಗಳು ಉಳಿದು ವೃದ್ಧಿಯಾಗುವ ಸಂಭವವಿದೆ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳಚೆಯನ್ನು ಶುದ್ಧಿ ಮಾಡಿ ಹೊರಬಿಡುತ್ತಿದ್ದ ನೀರಿನಲ್ಲಿ ಸಿಪ್ರೋಫ್ಲಾಕ್ಸಸಿನ್ ಲೀಟರಿಗೆ ೩೧ ಮಿಲಿಗ್ರಾಂಗಳವರೆಗೆ ಇದ್ದುದು ೨೦೦೭ರಲ್ಲಿ ವರದಿಯಾಯಿತು. ಇದು ಮನೆಗಳ ಕೊಳಚೆಯ ಸಂಗತಿಯಲ್ಲ. ಆದರೆ ಮನೆಗಳ ಚರಂಡಿಗೆ ಕಾರ್ಖಾನೆಯ ನೀರು ಸೇರಿದರೆ ಪ್ರಮಾಣವು ನ್ಯಾನೊಗ್ರಾಂಗಳಿಂದ ಮಿಲಿಗ್ರಾಂಗಳಿಗೆ ಏರಬಲ್ಲದೆಂಬುದಕ್ಕೆ ಇದು ಎಚ್ಚರಿಕೆಯಾಗಿದೆ.

ಮಾದರಿ ನೀರನ್ನು ತೆಗೆಯುವ ಕ್ರಮ

ಪೃಥಕ್ಕರಣದ ಯಂತ್ರವು ಎಷ್ಟೇ ಬೆಲೆಯುಳ್ಳದ್ದಾಗಿದ್ದರೂ, ಮಾದರಿ ನೀರನ್ನು ತಪ್ಪಾಗಿ ತೆಗೆದರೆ ಬಂದ ಅಂಕೆಯು ನಿರುಪಯುಕ್ತ. ಕಣಜದ ಒಂದು ಮೂಲೆಯಿಂದ ಹಿಡಿ ಧಾನ್ಯವನ್ನು ತೆಗೆದು ಕಣಜವನ್ನೆಲ್ಲ ಬೆಲೆ ಕಟ್ಟಲಾಗದು. ನಗರದ ಕೊಳಚೆಯು ಬೆಳಿಗ್ಗೆ ಒಂದು ಬಗೆ, ಮಧ್ಯರಾತ್ರಿಯಲ್ಲಿ ಇನ್ನೊಂದು ಬಗೆ. ಆದಕಾರಣ ಸ್ಥಾವರದ ಬಾಯಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಹರಿವಿನ ಪ್ರಮಾಣಕ್ಕೆ ತಕ್ಕಂತೆ ಆಗಾಗ್ಗೆ ಸ್ವಲ್ಪ ಸ್ವಲ್ಪ ನೀರನ್ನು ತೆಗೆದು ಕೂಡಿಸಬೇಕು.

ಔಷಧಗಳ ಪರೀಕ್ಷೆಗೆ ಕಂದುಬಣ್ಣದ ಗಾಜಿನ ಸೀಸೆ ಬೇಕು. ಬೆಳಕು ಬಿದ್ದರೆ ಡೈಕ್ಲೋಫೆನಾಕಿನಂಥ ದ್ರವ್ಯಗಳು ಕೆಡುವುವು. ಫ್ಲೋರಿನ್ ಸಂಯುಕ್ತಗಳ ಪರೀಕ್ಷೆಗಾದರೋ ಗಾಜು ಒದಗದು, ಅವು ಗಾಜಿಗೆ ಅಂಟಿಕೊಳ್ಳಬಹುದು. ಅದಕ್ಕೆ ಪಾಲಿಪ್ರೊಪಿಲೀನ್ ಸೀಸೆ ಯುಕ್ತ. ಟೆಫ್ಲಾನ್ ಎಂಬುದು ಆ ವರ್ಗದ ದ್ರವ್ಯಗಳಿಗೇ ಸೇರಿದುದಾದುದರಿಂದ ಅದರ ಮುಚ್ಚಳವೂ ಕೂಡದು. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಶೀಘ್ರವಾಗಿ ಕಳುಹಿಸಬೇಕು. ಇಲ್ಲವಾದರೆ ಸೀಸೆಯೊಳಗಿನ ಸೂಕ್ಷ್ಮಾಣುಗಳು ದಾರಿಯಲ್ಲಿಯೇ ದ್ರವ್ಯವನ್ನು ತಿಂದುಬಿಡುವುವು. ಸೀಸೆಯ ಮೇಲೆ ಸ್ಥಳ, ದಿನ, ವೇಳೆ, ಮಳೆ ಬಂದಿತ್ತೇ ಇಲ್ಲವೇ ಎಂಬುದನ್ನು ಬರೆಯತಕ್ಕದ್ದು.

ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸ

ಮೊದಲು ನೀರನ್ನು ಸೋಸಿ, ಅದಕ್ಕೆ ಗುರುತು ದ್ರವ್ಯವನ್ನು ಬೆರೆಸುತ್ತಾರೆ. ಇದು ಅಳೆಯಬೇಕಾದ ಔಷಧವೇ ಆಗಿದ್ದು, ಅದರ ಕೆಲವು ಪರಮಾಣುಗಳು ಮಾತ್ರ ಭಾರವಾದ ಜಾತಿಯವಾಗಿರುವುವು. ಇದರ ಪ್ರಯೋಜನವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಲೆಕ್ಕವಿಲ್ಲದ ಕುರಿಗಳ ಹಿಂಡೊಂದು ಕಾಡನ್ನು ದಾಟುವುದಕ್ಕೆ ಮುಂಚೆ, ಬಣ್ಣ ಹಚ್ಚಿದ ನೂರು ಕುರಿಗಳನ್ನು ಅದರಲ್ಲಿ ಸೇರಿಸಿದರೆಂದು ಭಾವಿಸಿರಿ. ಕಾಡಿನಾಚೆ ಅರುವತ್ತು ಬಣ್ಣದ ಕುರಿಗಳು ಬಂದರೆ, ಬಣ್ಣವಿಲ್ಲದವುಗಳಲ್ಲಿಯೂ ನೂರಕ್ಕೆ ನಲವತ್ತು ದಾರಿಯಲ್ಲಿ ಕಳೆದುವೆಂದು ಲೆಕ್ಕ ಕಟ್ಟಬಹುದು. ಪರೀಕ್ಷೆಯ ಮಧ್ಯೆ ನಷ್ಟವಾಗುವ ದ್ರವ್ಯದ ಲೆಕ್ಕವನ್ನು ಹೀಗೆಯೇ ಸರಿಪಡಿಸುತ್ತಾರೆ. ಕೊಳಚೆ ನೀರಿನ ಇತರ ಪದಾರ್ಥಗಳು ಯಂತ್ರದ ಓದನ್ನು ತಗ್ಗಿಸುವ ದೋಷಕ್ಕೂ ಇದೇ ಪರಿಹಾರ.

ಎರಡನೆಯದಾಗಿ, ನೀರನ್ನು ಹರಳು ಪುಡಿ ತುಂಬಿದ ಸಣ್ಣ ಕೊಳವೆಯ ಮೂಲಕ ಹರಿಸುವರು. ಔಷಧಗಳು ಪುಡಿಗೆ ಅಂಟಿ, ನೀರು ಹೊರಗೆ ಹೋಗುವುದು. ಆಮೇಲೆ ಅಲ್ಪ ಮದ್ಯಸಾರದಿಂದ ಅವುಗಳನ್ನು ತೊಳೆದು ತೆಗೆದರೆ, ಅರ್ಧ ಲೀಟರಿನಲ್ಲಿದ್ದುದು ಒಂದು ಮಿಲಿಲೀಟರಿಗೆ ಬಂದು, ೫೦೦ ಪಾಲು ದಟ್ಟವಾಗುವುದು.

ಮೂರನೆಯದಾಗಿ, ಈ ದ್ರವವನ್ನು ಉದ್ದವಾದ ಸೂಕ್ಷ್ಮ ಕೊಳವೆಯಲ್ಲಿ ಒತ್ತಡದಿಂದ ನಡೆಸುವರು. ಇಕ್ಕೆಲದಲ್ಲಿ ಮೇವಿರುವ ಓಣಿಯಲ್ಲಿ ದನಗಳನ್ನು ಬಿಟ್ಟರೆ ಹಸಿದವು ನಿಂತು ಮೇಯುತ್ತ ತಡವಾಗಿಯೂ, ಹೊಟ್ಟೆ ತುಂಬಿದವು ಬೇಗನೆಯೂ ಹೊರಬರುವಂತೆ, ಕೊಳವೆಯ ಒಳಪದಾರ್ಥದ ಮೇಲಣ ಆಸಕ್ತಿಗೆ ಅನುಸಾರವಾಗಿ ಒಂದೊಂದು ದ್ರವ್ಯವೂ ಒಂದೊಂದು ನಿಮಿಷದಲ್ಲಿ ಹೊರಬೀಳುವುದು. ಹೊರಬಿದ್ದ ಕಣಗಳಿಗೆ ವಿದ್ಯುತ್ತನ್ನು ಹೊರಿಸಿ ತೂಕಮಾಪಕ ಯಂತ್ರಕ್ಕೆ ಬಿಡುವರು. ಅದು ಒಂದು ನಿಯತ ತೂಕದ ಕಣಗಳನ್ನು ಮಾತ್ರ ಆರಿಸಿ, ಒಡೆದು, ಚೂರುಗಳನ್ನು ಪುನಃ ತೂಗುವುದು. ಕಾರ್ಬಮಜೆಪೀನ್ ೨೩೭ ಎಂಬ ತೂಕದಲ್ಲಿ ಹಿಡಿಯಲ್ಪಟ್ಟು, ಒಡೆದಾಗ ೧೯೪ ಮತ್ತು ೧೯೨ರ ಚೂರುಗಳನ್ನು ಕೊಡುವುದು. ಹೊರಬಂದ ನಿಮಿಷ, ಮೂಲ ತೂಕ, ಎರಡು ಚೂರುಗಳ ತೂಕ, ಚೂರುಗಳ ಪರಸ್ಪರ ಪ್ರಮಾಣ, ಇವೆಲ್ಲವೂ ಶುದ್ಧ ಔಷಧದೊಡನೆ ಹೊಂದಿದರೆ ಮಾತ್ರ ಅದು ಕಾರ್ಬಮಜೆಪೀನ್ ಎಂದು ನಿಶ್ಚಯಿಸುವರು.

ಪ್ರತಿಸಲವೂ ಶುದ್ಧವಾದ ನೀರಿನ ಸೀಸೆಯೊಂದನ್ನು ಇದೇ ದಾರಿಯಲ್ಲಿ ನಡೆಸಬೇಕು. ಅದರಲ್ಲಿಯೂ ದ್ರವ್ಯ ಕಂಡರೆ ಅದು ಕೆರೆಯದಲ್ಲ, ಪ್ರಯೋಗಶಾಲೆಯದು.

ಅಂಕೆಗಳನ್ನು ಓದುವ ಬಗೆ

ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದಿದ್ದರೆ ‘ಇಲ್ಲ’ ಎಂದು ತಿಳಿಯಕೂಡದು. ಯಂತ್ರವು ಎಷ್ಟು ಅಲ್ಪವನ್ನು ಕಾಣಬಲ್ಲದೆಂಬುದನ್ನು ಕೇಳಬೇಕು. ಲೀಟರಿಗೆ ೧೦೦೦ ನ್ಯಾನೊಗ್ರಾಂಗಿಂತ ಕಡಿಮೆಯಾದುದನ್ನು ಕಾಣದ ಪರೀಕ್ಷೆಯಲ್ಲಿ ೫೦೦ ನ್ಯಾನೊಗ್ರಾಂ ಇದ್ದರೂ ‘ಕಂಡುಬಂದಿಲ್ಲ’ ಎಂದೇ ಬರುವುದು. ಅಮೆರಿಕದ ಪರಿಸರ ಇಲಾಖೆಯು ೨೦೨೪ನೆಯ ಏಪ್ರಿಲಿನಲ್ಲಿ ಎರಡು ಫ್ಲೋರಿನ್ ಸಂಯುಕ್ತಗಳಿಗೆ ಕುಡಿಯುವ ನೀರಿನಲ್ಲಿ ಲೀಟರಿಗೆ ೪ ನ್ಯಾನೊಗ್ರಾಂ ಎಂದು ಮಿತಿಯನ್ನು ಗೊತ್ತುಮಾಡಿತು. ಇದರಿಂದ ಯಂತ್ರದ ಮಿತಿಯು ಎಷ್ಟು ಮುಖ್ಯವೆಂಬುದು ವ್ಯಕ್ತವಾಗುವುದು.

ಸ್ಥಾವರಕ್ಕೆ ಬರುವ ನೀರನ್ನೂ ಹೋಗುವ ನೀರನ್ನೂ ಎರಡನ್ನೂ ಅಳೆದರೆ ಮಾತ್ರ ಶುದ್ಧೀಕರಣದ ಶಕ್ತಿ ತಿಳಿಯುವುದು. ಕೆಲವು ವೇಳೆ ಕಾರ್ಬಮಜೆಪೀನ್ ಬಂದುದಕ್ಕಿಂತ ಹೋಗುವಾಗ ಹೆಚ್ಚಾಗಿ ಕಾಣುವುದುಂಟು. ಇದು ಅಳತೆಯ ದೋಷವಾಗಿರಲೇಬೇಕೆಂದಿಲ್ಲ. ದೇಹವು ಔಷಧಕ್ಕೆ ಒಂದು ಬಗೆಯ ಸಕ್ಕರೆಯಂಥ ದ್ರವ್ಯವನ್ನು ಕಟ್ಟಿ ಹೊರಹಾಕುವುದು. ಸ್ಥಾವರದ ಸೂಕ್ಷ್ಮಾಣುಗಳು ಆ ಕಟ್ಟನ್ನು ಬಿಚ್ಚಿದಾಗ, ಮರೆಯಾಗಿದ್ದ ಔಷಧವು ಪುನಃ ಲೆಕ್ಕಕ್ಕೆ ಬರುವುದು. ಯಂತ್ರವು ಹುಡುಕಿದ ದ್ರವ್ಯಗಳನ್ನು ಮಾತ್ರ ಕಾಣುವುದೆಂಬುದು ಇದರಿಂದ ಸ್ಪಷ್ಟವಾಗುವುದು. ಆದಕಾರಣ ಹುಡುಕಿದ ದ್ರವ್ಯಗಳ ಪಟ್ಟಿಯು ವರದಿಯೊಡನೆ ಇರಲೇಬೇಕು.

ಒಂದು ದಿನದ ಒಂದು ಅಂಕೆಯಿಂದ ತೀರ್ಮಾನಿಸತಕ್ಕದ್ದಲ್ಲ. ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಪದೇ ಪದೇ ತೆಗೆದ ಅಂಕೆಗಳ ಸಾಲು ಬೇಕು.

ಬಾವಿಗಳಿಗೆ ಗುರುತು ದ್ರವ್ಯಗಳು

ಕೆರೆ ತುಂಬಿದ ಮೇಲೆ ಪಕ್ಕದ ಬಾವಿಯ ನೀರು ಏರಿದರೆ, ಏರಿದುದು ಮಳೆಯ ನೀರೇ ಅಥವಾ ನಗರದ ನೀರೇ ಎಂಬ ಪ್ರಶ್ನೆ ಬರುವುದು. ಇದಕ್ಕೆ ಈ ಸೂಕ್ಷ್ಮ ದ್ರವ್ಯಗಳೇ ಸಾಕ್ಷಿಗಳು. ಕಾರ್ಬಮಜೆಪೀನ್ ಆಗಲಿ, ಸುಕ್ರಲೋಸ್ ಎಂಬ ಕೃತಕ ಸಿಹಿಯಾಗಲಿ ಪ್ರಕೃತಿಯಲ್ಲಿ ಹುಟ್ಟುವುವಲ್ಲ, ಮಣ್ಣಿನಲ್ಲಿ ಸುಲಭವಾಗಿ ನಶಿಸುವುವೂ ಅಲ್ಲ. ಇಸ್ರೇಲಿನ ಟೆಲ್ ಅವೀವ್ ಬಳಿಯ ಷಫ್ದಾನ್ ಸ್ಥಾವರದ ನೀರನ್ನು ಮರಳಿನಲ್ಲಿ ಇಂಗಿಸಿ, ತಿಂಗಳುಗಳ ತರುವಾಯ ಮೇಲೆತ್ತಿ ದಕ್ಷಿಣದ ಬಂಜರು ಸೀಮೆಯ ವ್ಯವಸಾಯಕ್ಕೆ ಒಯ್ಯುವರು. ಮರಳು ಅನೇಕ ಕಶ್ಮಲಗಳನ್ನು ಕಳೆಯುವುದಾದರೂ ಕಾರ್ಬಮಜೆಪೀನ್ ಅದನ್ನು ದಾಟಿಬರುವುದು. ಆದುದರಿಂದ ಬಾವಿಯಲ್ಲಿ ಇವು ಕಂಡರೆ ಮನುಷ್ಯರ ಕೊಳಚೆಯ ನೀರು ಅಲ್ಲಿಗೆ ಮುಟ್ಟಿದೆಯೆಂದು ತಿಳಿಯಬೇಕು. ಗ್ರಾಮದ ಬಚ್ಚಲಗುಂಡಿಗಳಿಂದಲೂ ಇವು ಬರಬಹುದಾದುದರಿಂದ, ನಗರದ ನೀರು ಬರುವುದಕ್ಕೆ ಮುಂಚಿನ ಅಳತೆಯೊಂದು ಕೈಯಲ್ಲಿರುವುದು ಶ್ರೇಯಸ್ಕರ.

ಇತರ ದೇಶಗಳಲ್ಲಿ ಮಾಡಿರುವ ಏರ್ಪಾಟು

ಸ್ವಿಟ್ಜರ್ಲೆಂಡ್ ದೇಶವು ೨೦೧೬ನೆಯ ಜನವರಿಯಿಂದ ಈ ಬಗ್ಗೆ ಶಾಸನವನ್ನು ಜಾರಿಗೆ ತಂದಿತು. ಅಲ್ಲಿ ಸಾವಿರಾರು ದ್ರವ್ಯಗಳೆಲ್ಲವನ್ನೂ ಅಳೆಯದೆ, ೧೨ ಸೂಚಕ ದ್ರವ್ಯಗಳನ್ನು ಗೊತ್ತುಮಾಡಿ, ಅವು ಸರಾಸರಿ ನೂರಕ್ಕೆ ಎಂಬತ್ತು ಪಾಲು ಕಳೆಯಬೇಕೆಂದು ವಿಧಿಸಿದರು. ಓಜೋನ್ ಅನಿಲ ಅಥವಾ ಶಕ್ತಿಗೊಳಿಸಿದ ಇದ್ದಿಲಿನಿಂದ ಶುದ್ಧಿ ಮಾಡುವ ಹೆಚ್ಚಿನ ಹಂತವನ್ನು ಆಯ್ದ ಸ್ಥಾವರಗಳಲ್ಲಿ ಕಟ್ಟುವ ವೆಚ್ಚಕ್ಕಾಗಿ, ತಲೆಗೆ ವರ್ಷಕ್ಕೆ ೯ ಫ್ರಾಂಕ್ ಸುಂಕವನ್ನು ಏರ್ಪಡಿಸಿದರು. ಐರೋಪ್ಯ ಒಕ್ಕೂಟವು ೨೦೨೪ರಲ್ಲಿ ಅಂಗೀಕರಿಸಿದ ಶಾಸನದಲ್ಲಿ ದೊಡ್ಡ ನಗರಗಳ ಸ್ಥಾವರಗಳಿಗೆ ೨೦೪೫ರೊಳಗಾಗಿ ಇಂಥ ಹಂತವನ್ನು ಕಡ್ಡಾಯ ಮಾಡಿ, ವೆಚ್ಚದಲ್ಲಿ ನೂರಕ್ಕೆ ಎಂಬತ್ತಕ್ಕೆ ಕಡಿಮೆಯಿಲ್ಲದಷ್ಟನ್ನು ಔಷಧ ಮತ್ತು ಪ್ರಸಾಧನ ದ್ರವ್ಯಗಳ ತಯಾರಕರೇ ಹೊರತಕ್ಕದ್ದೆಂದು ವಿಧಿಸಲಾಗಿದೆ. ಕೆಲವೇ ಸೂಚಕಗಳನ್ನು ಬಿಡದೆ ಅಳೆಯುವುದು, ಅನೇಕ ದ್ರವ್ಯಗಳನ್ನು ಒಮ್ಮೆ ಅಳೆದು ಬಿಡುವುದಕ್ಕಿಂತ ಮೇಲೆಂಬುದು ಇದರಿಂದ ಕಲಿಯಬೇಕಾದ ಪಾಠ.

ಗ್ರಾಮದವರು ಮಾಡಬೇಕಾದುದು

೧. ಕೆರೆಗೆ ಬರುವ ನೀರಿನ ವರದಿಯನ್ನು ಗ್ರಾಮ ಪಂಚಾಯಿತಿಯ ಮೂಲಕ ಕೇಳಿ ಪಡೆಯತಕ್ಕದ್ದು. ಮಾದರಿಯನ್ನು ತೆಗೆದ ಸ್ಥಳ, ದಿನ, ಹುಡುಕಿದ ದ್ರವ್ಯಗಳ ಪಟ್ಟಿ, ಯಂತ್ರದ ಮಿತಿ, ಇವು ನಾಲ್ಕೂ ಇಲ್ಲದ ವರದಿಯನ್ನು ಪೂರ್ಣವೆಂದು ಎಣಿಸಕೂಡದು. ಆಮ್ಲಜನಕದ ಬೇಡಿಕೆಯ ಅಂಕೆ ಮಾತ್ರವಿದ್ದರೆ, ಔಷಧಗಳ ವಿಷಯದಲ್ಲಿ ವರದಿಯು ಮೌನವಾಗಿದೆಯೆಂದು ತಿಳಿಯತಕ್ಕದ್ದು.

೨. ಕುಡಿಯುವ ನೀರಿನ ಬಾವಿಗಳಲ್ಲಿ, ಕೆರೆಗೆ ಹತ್ತಿರದ್ದೊಂದು, ದೂರದ್ದೊಂದು ಆರಿಸಿ, ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಗುರುತು ದ್ರವ್ಯಗಳಿಗಾಗಿ ಪರೀಕ್ಷೆ ಮಾಡಿಸುವಂತೆ ಸಂಬಂಧಪಟ್ಟವರನ್ನು ಬರವಣಿಗೆಯಲ್ಲಿ ಕೋರತಕ್ಕದ್ದು.

೩. ಹಸಿಯಾಗಿ ತಿನ್ನುವ ಸೊಪ್ಪುಗಳಿಗೆ ಇಂಥ ಕೆರೆಯ ನೀರನ್ನು ನೇರವಾಗಿ ಹಾಯಿಸಕೂಡದು. ಔಷಧಗಳಿಗಿಂತಲೂ ಮೊದಲು ರೋಗಾಣುಗಳ ಭಯ ಅಲ್ಲಿದೆ. ಹಿಪ್ಪುನೇರಳೆಯೂ ಮೇವಿನ ಜೋಳವೂ ಎಲೆಯ ಬೆಳೆಗಳೇ ಆದುದರಿಂದ ಅವುಗಳ ಎಲೆಯನ್ನೂ ಪರೀಕ್ಷೆಗೆ ಸೇರಿಸುವುದು ಯುಕ್ತ.

೪. ನಗರದ ನೀರು ನಿಂತ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದಕ್ಕೆ ಮುಂಚೆ ಅದರ ಪರೀಕ್ಷೆ ಆಗಿರಬೇಕು.

೫. ನೊರೆ, ದುರ್ವಾಸನೆ ಅಥವಾ ಮೀನುಗಳ ಸಾವು ಕಂಡಾಗ ವೇಳೆಯನ್ನು ಬರೆದಿಟ್ಟು, ಆ ಗಳಿಗೆಯಲ್ಲಿಯೇ ತೊಳೆದ ಸೀಸೆಯಲ್ಲಿ ನೀರನ್ನು ಹಿಡಿದು, ಮಂಜುಗಡ್ಡೆಯಲ್ಲಿಟ್ಟು ಕಳುಹಿಸತಕ್ಕದ್ದು. ಮರುದಿನದ ನೀರು ಹಿಂದಿನ ದಿನದ ಸಾಕ್ಷಿಯನ್ನು ಹೇಳದು.

೬. ಮನೆಯಲ್ಲಿ ಉಳಿದ ಔಷಧಗಳನ್ನೂ ದನಗಳ ಔಷಧಗಳನ್ನೂ ಬಚ್ಚಲಿಗಾಗಲಿ ಕೆರೆಕಾಲುವೆಗಾಗಲಿ ಚೆಲ್ಲಕೂಡದು.

ನಗರದ ನೀರನ್ನು ಬೇಡವೆನ್ನುವುದು ಈ ವಿವರಣೆಯ ಅಭಿಪ್ರಾಯವಲ್ಲ. ಬರಗಾಲದ ಸೀಮೆಗೆ ನೀರು ದೊಡ್ಡ ಸಂಪತ್ತು. ಆದರೆ ಅಂತರ್ಜಲವು ಒಮ್ಮೆ ಕೆಟ್ಟರೆ ಅದನ್ನು ಸರಿಪಡಿಸುವುದು ಒಂದು ತಲೆಮಾರಿನ ಕೆಲಸವಾಗಬಹುದು. ಅಳತೆಯ ವೆಚ್ಚವು ಆ ನಷ್ಟದ ಮುಂದೆ ಅಲ್ಪವಾದುದು. ಜಮೀನಿಗೆ ಬರುವ ಗೊಬ್ಬರದ ಮೂಟೆಯ ತೂಕವನ್ನು ಕೇಳಿ ಪಡೆಯುವ ಜಮೀನುದಾರನು, ಕೆರೆಗೆ ಬರುವ ನೀರಿನ ಲೆಕ್ಕವನ್ನೂ ಹಾಗೆಯೇ ಕೇಳಿ ಪಡೆಯತಕ್ಕದ್ದು.